ಬಾಟನಿ ಮಾಷ್ಟ್ರಲ್ಲಿ ಕೇಳಿ: ಜೀವಕೋಶದ ಪೊರೆ, ದ್ಯುತಿಸಂಶ್ಲೇಷಣೆ, ಬೋರ್ಡೋ ಮದ್ದು

ಪ್ರಶ್ನೆ, ಬದಿಯಡ್ಕದಿಂದ: ಮಾಷ್ಟ್ರೇ, ಮಗಳು ಪ್ಲಸ್ ವನ್ ಸಯನ್ಸ್. ಜೀವಕೋಶದ ಪೊರೆ ಒಂದು ಪಾಠ, ದ್ಯುತಿಸಂಶ್ಲೇಷಣೆ ಬೇರೊಂದು ಪಾಠ. ಎರಡನ್ನೂ ಬಾಯಿಪಾಠ ಮಾಡಿದ್ದಾಳೆ. ಆದರೆ ಪೊರೆ ಅಂದರೆ ಸುಮ್ನೆ ಹೊರಗಿನ ಕವರ್ ಅಂದುಕೊಂಡಿದ್ದಾಳೆ. ನನಗೂ ಹಾಗೇ ಅನಿಸುತ್ತದೆ. ಎರಡಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಇದೆ ಅಕ್ಕ. ಪೊರೆ ಇಲ್ಲದಿದ್ದರೆ ದ್ಯುತಿಸಂಶ್ಲೇಷಣೆಯೇ ಇಲ್ಲ. ಈ ಎರಡು ಪಾಠಗಳನ್ನು ಅಷ್ಟು ದೂರ ಇಟ್ಟದ್ದು ನನಗಂತೂ ಸರಿ ಕಾಣುವುದಿಲ್ಲ.

ಮೊದಲು ಪೊರೆ. ಒಂದು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಒಟ್ಟಿದರೂ ಒಂದು ಮಿಲಿಮೀಟರ್ ದಾಟುವುದಿಲ್ಲ, ಅಷ್ಟು ತೆಳು. ಅದು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಕಣಗಳದ್ದು. ಪ್ರತಿ ಕಣಕ್ಕೆ ನೀರು ಹಿಡಿಸುವ ಒಂದು ತಲೆ, ನೀರು ಆಗದ ಎರಡು ಬಾಲ. ನೀರಿನಲ್ಲಿ ಬಿದ್ದ ತಕ್ಷಣ ಬಾಲಗಳು ಒಳಗೆ, ತಲೆಗಳು ಹೊರಗೆ ಬರುವಂತೆ ಎರಡು ಪದರವಾಗಿ ನಿಂತುಬಿಡುತ್ತವೆ. ಯಾರೂ ಜೋಡಿಸಬೇಕಾಗಿಲ್ಲ. ಎರಡೇ ಪದರ ಅಂತ 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಹೇಳಿದರು. ಕೆಂಪು ರಕ್ತಕಣಗಳ ಕೊಬ್ಬು ತೆಗೆದು ನೀರಿನ ಮೇಲೆ ಹರಡಿದಾಗ, ಆ ಕಣಗಳ ಮೈಯ ಅಳತೆಗಿಂತ ಎರಡು ಪಟ್ಟು ಜಾಗಕ್ಕೆ ಸಾಕಾಯಿತು.

ಈ ಪೊರೆ ಗಟ್ಟಿ ಹಾಳೆಯಲ್ಲ. ಕೊಬ್ಬಿನ ಕಣಗಳು ಸದಾ ಅತ್ತಿತ್ತ ಜಾರುತ್ತಿರುತ್ತವೆ, ಅವುಗಳ ನಡುವೆ ಪ್ರೋಟೀನ್‌ಗಳು ತೇಲುತ್ತಿರುತ್ತವೆ. 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಕೊಟ್ಟ ಚಿತ್ರ ಇದೇ, ಮಗಳ ಪುಸ್ತಕದಲ್ಲೂ ಇರುತ್ತದೆ. ಯಾವುದು ಒಳಗೆ ಬರಬೇಕು, ಯಾವುದು ಹೊರಗೇ ಇರಬೇಕು ಅಂತ ನೋಡುವುದು ಹೆಚ್ಚಾಗಿ ಆ ಪ್ರೋಟೀನ್‌ಗಳೇ. ನೀರಿಗೇ ಅಂತ ಬೇರೆ ದಾರಿ ಇದೆ, ಅಕ್ವಾಪೋರಿನ್. ಅದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು.

ಈಗ ಎಲೆಗೆ ಬನ್ನಿ. ಎಲೆಯ ಕೋಶದಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಿವೆ, ಅವುಗಳ ಒಳಗೆ ಥೈಲಕಾಯ್ಡ್ ಎಂಬ ಚಪ್ಪಟೆ ಚೀಲಗಳಿವೆ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತು ಎಲೆಯ ರಸದಲ್ಲಿ ಕರಗಿಕೊಂಡಿಲ್ಲ, ಈ ಚೀಲಗಳ ಪೊರೆಯಲ್ಲಿ ಪ್ರೋಟೀನ್‌ಗೆ ಅಂಟಿಕೊಂಡಿದೆ. ಬೆಳಕು ಬಿದ್ದಾಗ ಅದರಿಂದ ಇಲೆಕ್ಟ್ರಾನ್ ಹೊರಡುತ್ತದೆ. ಆ ಖಾಲಿ ತುಂಬಲು ನೀರು ಒಡೆಯುತ್ತದೆ. ನಾವು ಉಸಿರಾಡುವ ಆಮ್ಲಜನಕ ಬರುವುದು ಆ ನೀರಿನಿಂದ, ಇಂಗಾಲದ ಡೈಆಕ್ಸೈಡ್‌ನಿಂದ ಅಲ್ಲ.

ಇಷ್ಟರಲ್ಲಿ ಚೀಲದ ಒಳಗೆ ಪ್ರೋಟಾನ್‌ಗಳು, ಅಂದರೆ ಹೈಡ್ರೋಜನ್ ಅಯಾನುಗಳು, ತುಂಬುತ್ತವೆ. ಏತಡ್ಕದಲ್ಲಿ ಹೊಳೆಗೆ ಕಟ್ಟ ಹಾಕುತ್ತಾರಲ್ಲ, ಹಾಗೆ. ಒಂದು ಬದಿಯಲ್ಲಿ ನೀರು ಏರಿ ನಿಂತಿದೆ, ಇನ್ನೊಂದು ಬದಿ ತಗ್ಗು. ಬಿಟ್ಟರೆ ನುಗ್ಗುತ್ತದೆ. ಪ್ರೋಟಾನ್ ಹೊರಗೆ ಬರಲು ಇರುವ ದೊಡ್ಡ ದಾರಿ ಎಟಿಪಿ ಸಿಂಥೇಸ್ ಎಂಬ ಪ್ರೋಟೀನ್. ಪ್ರೋಟಾನ್ ಹರಿದಾಗ ಅದರ ಒಂದು ಭಾಗ ನಿಜವಾಗಿಯೂ ಗಿರಗಿರ ತಿರುಗುತ್ತದೆ, ಆಗ ಕೋಶದ ಕೆಲಸಗಳಿಗೆ ಶಕ್ತಿ ಕೊಡುವ ಎಟಿಪಿ ತಯಾರಾಗುತ್ತದೆ. ಕಟ್ಟದಲ್ಲಿ ತೂತಾದರೆ ಮುಗಿಯಿತು. ಬೆಳಕು ಎಷ್ಟು ಬಿದ್ದರೂ ಎಟಿಪಿ ಇಲ್ಲ. ಪೀಟರ್ ಮಿಚೆಲ್ 1961ರಲ್ಲಿ ಇದನ್ನು ಹೇಳಿದಾಗ ಹೆಚ್ಚಿನವರು ಒಪ್ಪಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು.

ಆಮೇಲೆ ಆ ಎಟಿಪಿ ಬಳಸಿ ಸಕ್ಕರೆ ಮಾಡುವ ಕೆಲಸ ಚೀಲದ ಹೊರಗೆ, ಸ್ಟ್ರೋಮಾ ಎಂಬ ಕ್ಲೋರೋಪ್ಲಾಸ್ಟಿನ ರಸದಲ್ಲಿ. ಕ್ಯಾಲ್ವಿನ್ ಚಕ್ರ ಅಂದರೆ ಅದೇ. ಅದಕ್ಕೆ ಕತ್ತಲ ಕ್ರಿಯೆ ಅಂತ ಹೆಸರಿದೆ ಅಂತ ರಾತ್ರಿ ನಡೆಯುತ್ತದೆ ಎಂದು ಬರೆಯಬೇಡ ಅಂತ ಮಗಳಿಗೆ ಹೇಳಿ. ಪ್ರತಿ ವರ್ಷ ಅರ್ಧ ಕ್ಲಾಸು ಹಾಗೇ ಬರೆಯುತ್ತದೆ.

ಅದೇ ತಾಯಿ: ಪೊರೆಯನ್ನು ಮನೆಯಲ್ಲಿ ತೋರಿಸಲು ಆಗುತ್ತದಾ?

ಉತ್ತರ: ಪೊರೆ ಕಾಣಿಸುವುದಿಲ್ಲ, ಅದು ಕೆಟ್ಟರೆ ಕಾಣಿಸುತ್ತದೆ. ಬೀಟ್ರೂಟನ್ನು ತೆಳ್ಳಗೆ ಹೆಚ್ಚಿ, ಬಣ್ಣ ಬಿಡುವುದು ನಿಲ್ಲುವ ತನಕ ತೊಳೆಯಿರಿ. ಮೊದಲು ಬರುವ ಕೆಂಪು ಚೂರಿ ತಾಗಿ ಒಡೆದ ಕೋಶಗಳದ್ದು. ಆಮೇಲೆ ಒಂದು ಹೋಳು ತಣ್ಣೀರಿಗೆ, ಒಂದು ಕುದಿಸಿ ಇಳಿಸಿದ ನೀರಿಗೆ, ಒಂದು ಸ್ಯಾನಿಟೈಸರ್‌ಗೆ. ತಣ್ಣೀರು ಹೆಚ್ಚುಕಡಿಮೆ ತಿಳಿಯಾಗೇ ಇರುತ್ತದೆ, ಉಳಿದೆರಡು ಕೆಂಪಾಗುತ್ತವೆ. ಬಿಸಿಗೂ ಆಲ್ಕೋಹಾಲ್‌ಗೂ ಪೊರೆ ಸಡಿಲವಾಗಿ ಬಣ್ಣ ಸೋರಿತು, ಅಷ್ಟೇ.

ಪ್ರಶ್ನೆ, ಉಪ್ಪಳದಿಂದ: ತುಳಸಿ 24 ಗಂಟೆಯೂ ಆಮ್ಲಜನಕ ಕೊಡುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿದೆ. ಹೌದಾ?

ಉತ್ತರ: ಇಲ್ಲ. ಬೆಳಕಿಲ್ಲದೆ ನೀರು ಒಡೆಯುವುದಿಲ್ಲ, ನೀರು ಒಡೆಯದೆ ಆಮ್ಲಜನಕ ಇಲ್ಲ. ನಮ್ಮ ಅನಾನಸು ರಾತ್ರಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದಿಟ್ಟುಕೊಳ್ಳುತ್ತದೆ, ಹಗಲಿನ ಸೆಕೆಯಲ್ಲಿ ನೀರು ಉಳಿಸಲು. ಆದರೆ ಅದೂ ಆಮ್ಲಜನಕ ಕೊಡುವುದು ಹಗಲಲ್ಲೇ. ತುಳಸಿಗೆ ನೀರು ಹಾಕಿ, ಮೆಸೇಜ್ ಮುಂದೆ ಕಳಿಸಬೇಡಿ.

ಪ್ರಶ್ನೆ, ಮುಳ್ಳೇರಿಯದಿಂದ: ಕೊಳೆರೋಗಕ್ಕೆ ಬೋರ್ಡೋ ಬಿಟ್ಟ ಮೇಲೆ ಅಡಿಕೆ ಸೋಗೆಯೆಲ್ಲ ನೀಲಿ ಬಿಳಿ. ಬೆಳಕು ತಡೆದು ಮರಕ್ಕೆ ನಷ್ಟ ಆಗುವುದಿಲ್ಲವಾ?

ಉತ್ತರ: ಆ ಲೇಪ ತೆಳು, ಬೆಳಕು ಸಾಕಷ್ಟು ಒಳಗೆ ಹೋಗುತ್ತದೆ. ಗೊನೆ ಉದುರಿದರೆ ಆಗುವ ನಷ್ಟದ ಮುಂದೆ ಅದು ಲೆಕ್ಕಕ್ಕಿಲ್ಲ. ನೀವು ಹೆದರಬೇಕಾದದ್ದು ಸುಣ್ಣ ಕಡಿಮೆಯಾದರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ ಅಂತ ಲೆಕ್ಕ. ಹಳೇ ಸುಣ್ಣ ಬಲ ಕಳೆದುಕೊಂಡಿದ್ದರೆ ತಾಮ್ರ ಬಿಡಿಯಾಗಿ ಉಳಿಯುತ್ತದೆ. ಅದು ಒಳಗೆ ಹೊಕ್ಕು ಪೊರೆಯ ಕೊಬ್ಬನ್ನು ಕೆಡಿಸುತ್ತದೆ. ಕೋಶದೊಳಗಿನ ಪೊಟ್ಯಾಸಿಯಂ ಸೋರಿಹೋಗುತ್ತದೆ. ಎಲೆಯಲ್ಲಿ ಸುಟ್ಟ ಕಲೆ ಕಾಣುವುದು ಆಮೇಲೆ.

ಹಾಗಾಗಿ ಹಳಬರ ಪರೀಕ್ಷೆ ಬಿಡಬೇಡಿ. ಉಜ್ಜಿ ಹೊಳೆಯುವ ಕಬ್ಬಿಣದ ಕತ್ತಿಯನ್ನು ಮದ್ದಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ತಾಮ್ರ ಹಿಡಿದರೆ ಇನ್ನೂ ಸುಣ್ಣದ ನೀರು ಬೇಕು. ಒಂದು ತಮಾಷೆ ನೋಡಿ: ಅದೇ ತಾಮ್ರ ಚೂರೇ ಚೂರು ಮರಕ್ಕೂ ಬೇಕು. ಥೈಲಕಾಯ್ಡಿನಲ್ಲಿ ಇಲೆಕ್ಟ್ರಾನ್ ಸಾಗಿಸುವ ಪ್ಲಾಸ್ಟೋಸಯನಿನ್ ಎಂಬ ಪ್ರೋಟೀನ್ ತಾಮ್ರ ಇಲ್ಲದೆ ಕೆಲಸ ಮಾಡುವುದಿಲ್ಲ.

ಪ್ರಶ್ನೆ, ಪೆರ್ಲದಿಂದ: ತೋಟದ ಪಡು ಬದಿಯ ಅಡಿಕೆ ಮರಗಳು ಒಂದೇ ಮಗ್ಗುಲಲ್ಲಿ ಹಳದಿಯಾಗಿ ಸೀಳುತ್ತಿವೆ. ರೋಗವಾ?

ಉತ್ತರ: ರೋಗವಲ್ಲ ಅಣ್ಣ, ಬಿಸಿಲು. ಮಳೆಗಾಲ ಮುಗಿದ ಮೇಲೆ ಸೂರ್ಯ ತೆಂಕಕ್ಕೆ ವಾಲುತ್ತಾನೆ, ಮಧ್ಯಾಹ್ನದ ಮೇಲಿನ ಬಿಸಿಲು ನೈಋತ್ಯದಿಂದ ನೇರ ಮರಕ್ಕೆ ಹೊಡೆಯುತ್ತದೆ. ಎಳೆ ಮರದ ಕಾಂಡ ಹಸಿರು, ಅಲ್ವಾ? ಅಲ್ಲಿಯೂ ಕ್ಲೋರೋಪ್ಲಾಸ್ಟ್ ಇದೆ. ಬಳಸಲಾಗದಷ್ಟು ಬೆಳಕು ಬಿದ್ದಾಗ ಆಮ್ಲಜನಕವೇ ಕೆರಳಿ ಪೊರೆಯ ಕೊಬ್ಬನ್ನು ಹಾಳು ಮಾಡುತ್ತದೆ. ಜೊತೆಗೆ ಸೆಕೆ ಏರಿ ಪೊರೆ ಸಡಿಲವಾಗುತ್ತದೆ. ಪತ್ರಹರಿತ್ತು ಹೋಗಿ ಹಳದಿ, ಮತ್ತೆ ಕಂದು, ಮತ್ತೆ ಸೀಳು. ಸೀಳಿದ ಕಡೆ ಮತ್ತೆ ಕೂಡುವುದಿಲ್ಲ, ಗಾಳಿಗೆ ಅಲ್ಲೇ ಮುರಿಯುತ್ತದೆ.

ಉಳಿದ ಮರಗಳಿಗೆ ಸೋಗೆಯನ್ನೋ ಹಾಳೆಯನ್ನೋ ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ. ತೆಂಕು ಮತ್ತು ಪಡು ಅಂಚಿಗೆ ಬೇಗ ಬೆಳೆಯುವ ನೆರಳಿನ ಮರ ಹಾಕಿ. ಹೊಸ ತೋಟವಾದರೆ ಸಾಲನ್ನು ಉತ್ತರ ದಕ್ಷಿಣ ಗೆರೆಯಿಂದ 35 ಡಿಗ್ರಿ ಪಡುವಣಕ್ಕೆ ವಾಲಿಸಿ ನೆಡಬೇಕು. ಆಗ ಒಂದು ಮರದ ನೆರಳು ಇನ್ನೊಂದಕ್ಕೆ ಸಿಗುತ್ತದೆ.

ಅವರೇ: ಸುಣ್ಣ ಬಳಿದರೆ ಕಾಂಡದ ಹಸಿರಿಗೆ ಬೆಳಕು ಸಿಗದೆ ಮರ ಸೊರಗುವುದಿಲ್ಲವಾ?

ಉತ್ತರ: ಇಲ್ಲ. ಮರವನ್ನು ಸಾಕುವುದು ಸೋಗೆ, ಕಾಂಡದ ಪಾಲು ತೀರಾ ಸಣ್ಣದು. ಅದೂ ಸುತ್ತಲೂ ಬಳಿಯಬೇಕಾಗಿಲ್ಲ, ಬಿಸಿಲು ಬೀಳುವ ನೈಋತ್ಯದ ಮಗ್ಗುಲಿಗೆ ಸಾಕು. ಮಳೆ ನಿಂತ ಕೂಡಲೇ ಮಾಡಿ. ಹಳದಿ ಕಂಡ ಮೇಲೆ ಬಳಿದರೆ ಆ ಮರಕ್ಕೆ ಪ್ರಯೋಜನ ಕಡಿಮೆ.