ಪದಚರ್ಚೆ: ‘ಉರಿಯುವ ಕಸ’, ‘ಅನಿಲೀಕರಣ’

ಗೆಳೆಯರೇ,

ಒಣ ಕಸದಿಂದ ಇಂಧನ ಗ್ಯಾಸ್ ತಯಾರಿಸುವ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು.

ಮೊದಲು ‘ಉರಿಯುವ ಕಸ’. ಕಾಗದ, ಮರದ ಚೂರು, ಬಟ್ಟೆ, ಪ್ಲಾಸ್ಟಿಕ್, ಹೀಗೆ ಬೆಂಕಿ ಹತ್ತುವಂಥದ್ದು ಅನ್ನುವುದು ನನ್ನ ಅರ್ಥ. ಆದರೆ ‘ಉರಿಯುವ ಕಸದಿಂದ ಗ್ಯಾಸ್’ ಎಂದರೆ ಈಗಾಗಲೇ ಹೊತ್ತಿಕೊಂಡಿರುವ ರಾಶಿ ಕಣ್ಮುಂದೆ ಬರುತ್ತದೆ ಅಲ್ವಾ? ‘ದಹ್ಯ ತ್ಯಾಜ್ಯ’ ಎಂದು ಬರೆದರೆ ಅದನ್ನೇ ಮತ್ತೆ ಬಿಡಿಸಿ ಹೇಳಬೇಕು. ‘ಉರಿಯಬಲ್ಲ ಕಸ’ ನನಗೆ ಹಿಡಿಸಿದೆ.

‘ಅನಿಲೀಕರಣ’ ಬಳಕೆಯಲ್ಲಿರುವ ಪದವೇ. ಆದರೂ ನೀರು ಆವಿಯಾದ ಹಾಗೆ ಕಸ ಸುಮ್ನೆ ಗ್ಯಾಸ್ ಆಗಿಬಿಡುತ್ತದೆ ಅನ್ನಿಸುತ್ತದೆ. ನಡೆಯುವುದು ಬೇರೆ. ಮುಚ್ಚಿದ ಕುಲುಮೆಯಲ್ಲಿ ಪೂರ್ತಿ ಉರಿಯಲು ಸಾಲದಷ್ಟೇ ಗಾಳಿ ಬಿಡುತ್ತಾರೆ. ಸ್ವಲ್ಪ ಕಸ ಉರಿದು ಕಾವು ಕೊಡುತ್ತದೆ. ಉಳಿದದ್ದು ಆ ಕಾವಿಗೆ ಒಡೆದು ಗ್ಯಾಸ್, ಟಾರು, ಇದ್ದಿಲು ಆಗುತ್ತದೆ. ಸುಮಾರು 800 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೆಂಡದ ನಡುವೆ ನೀರಾವಿ, ಕಾರ್ಬನ್ ಡೈಆಕ್ಸೈಡ್ ಹಾದಾಗ ಹೈಡ್ರೋಜನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತವೆ. ಈ ಗ್ಯಾಸ್ ಉರಿಯುವುದು ಮುಖ್ಯವಾಗಿ ಇವೆರಡರಿಂದಲೇ. ಟಾರು ತೆಗೆದರೆ ಎಂಜಿನ್ನಿಗೂ ಆಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಯುರೋಪಿನಲ್ಲಿ ಎಷ್ಟೋ ಕಾರು, ಬಸ್ಸುಗಳು ಕಟ್ಟಿಗೆ ಗ್ಯಾಸಿನಿಂದಲೇ ಓಡಿದವು.

‘ಕಡಿಮೆ ಗಾಳಿಯ ಸುಡುವಿಕೆ’ ಎನ್ನೋಣವೇ ಎಂದು ಯೋಚಿಸಿದೆ. ಬೇಡ ಅನ್ನಿಸಿತು. ‘ಸುಡುವುದು’ ಬಂದ ಕೂಡಲೇ ಜನ ಬಯಲಲ್ಲಿ ಕಸಕ್ಕೆ ಕಡ್ಡಿ ಗೀರುವುದನ್ನೇ ನೆನೆಯುತ್ತಾರೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಾಡಿದರೆ ಪ್ರಾಣ ಹೋಗಬಹುದು. ಯಾರೂ ಹಾಗೆ ತಪ್ಪು ತಿಳಿದು ಪ್ರಯೋಗಕ್ಕೆ ಇಳಿಯಬಾರದು. ಇನ್ನು ‘ಕಸದ ಗ್ಯಾಸ್’ ಎಂದರೆ ಗೋಬರ್ ಗ್ಯಾಸಿನ ಜೊತೆ ಬೆರೆತುಹೋಗುತ್ತದೆ. ಅದು ಹಸಿ ಕಸ, ಸಗಣಿ ಕೊಳೆತು ಸೂಕ್ಷ್ಮಜೀವಿಗಳಿಂದ ಆಗುವುದು. ಅದರಲ್ಲಿ ಮೀಥೇನ್ ಜಾಸ್ತಿ.

ಯಂತ್ರಕ್ಕೆ ‘ಅನಿಲಜನಕ’ ಎಂದರೆ ಆಮ್ಲಜನಕ, ಜಲಜನಕದ ಸಾಲಿಗೆ ಸೇರಿ ಮೂಲವಸ್ತುವಿನ ಹೆಸರಿನಂತೆ ಕೇಳುತ್ತದೆ. ಅದರ ಬದಲು ‘ಗ್ಯಾಸಿಫೈಯರ್’ ಎಂದೇ ಬರೆಯುತ್ತೇನೆ.

ಸದ್ಯಕ್ಕೆ ‘ಅನಿಲೀಕರಣ’ ಇಟ್ಟುಕೊಂಡು, ಮೊದಲ ಸಲ ಬಂದಾಗ ‘ಅಳತೆಯ ಗಾಳಿಯಲ್ಲಿ ಕಾಯಿಸಿ ಗ್ಯಾಸ್ ಮಾಡುವುದು’ ಎಂಬ ವಿವರಣೆ ಕೊಡುವ ಯೋಚನೆ ಇದೆ. ಇದಕ್ಕಿಂತ ಚಿಕ್ಕದಾಗಿ, ಸುಡುವ ಅರ್ಥ ನುಸುಳದಂತೆ ಹೇಳುವ ದಾರಿ ಇದೆಯೇ? ‘ಉರಿಯಬಲ್ಲ ಕಸ’ ನಿಮ್ಮ ಕಿವಿಗೆ ಸಹಜ ಅನ್ನಿಸುತ್ತದೆಯೇ?