‘ಕಾರ್ಯಕ್ಷಮತಾ ಮಾದರಿ’ ಎಂದರೆ ಅರ್ಥವಾಗುತ್ತದೆಯೇ?

ಬಲ್ಲವರಿಗೆಲ್ಲ ನಮಸ್ಕಾರ.

ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಶಿರಸಿ ಕಡೆಯ ಮಕ್ಕಳಿಗಾಗಿ ಸಾಫ್ಟ್‌ವೇರ್ ವಿನ್ಯಾಸದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೋಡ್ ಬರೆಯುವ ಮೊದಲೇ ಯುಎಂಎಲ್ (ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರದಲ್ಲಿ ಬರೆಯುವ ಭಾಷೆ) ಚಿತ್ರಗಳಿಂದ ‘ಪರ್ಫಾರ್ಮೆನ್ಸ್ ಮಾಡೆಲ್’, ಅಂದರೆ ಸಾಫ್ಟ್‌ವೇರಿಗೆ ಎಷ್ಟು ಹೊತ್ತು ಹಿಡಿದೀತು ಎಂಬ ಅಂದಾಜು, ತೆಗೆಯುವ ಅಧ್ಯಾಯದಲ್ಲಿ ಪದ ಸಿಗದೆ ನಿಂತಿದ್ದೇನೆ.

‘ಕಾರ್ಯಕ್ಷಮತಾ ಮಾದರಿ’ ಎಂದು ಬರೆದಿದ್ದೆ. ಓದಿದ ಹುಡುಗಿಯೊಬ್ಬಳು, “ಮಾದರಿ ಶಾಲೆ, ಮಾದರಿ ರೈತ ಅಂತಾರಲ್ಲ ಸರ್, ಹಾಗೆ ಚೆನ್ನಾಗಿ ಕೆಲಸ ಮಾಡೋ ಸಾಫ್ಟ್‌ವೇರಾ ಇದು?” ಎಂದು ಕೇಳಿದಳು. ತಪ್ಪು ಅವಳದಲ್ಲ. ಅಡಿಕೆ ರಾಶಿಯಿಂದ ಎತ್ತಿ ತೋರಿಸುವ ಒಂದು ಹಿಡಿಯೂ ಮಾದರಿಯೇ.

ವಿಷಯ ಇಷ್ಟು. ಅಡಿಕೆ ಟೆಂಡರ್ ದಾಖಲಿಸುವ ಸಾಫ್ಟ್‌ವೇರ್ ಒಂದಿದೆ ಎನ್ನಿ. ಯಾವುದರಿಂದ ಯಾವುದಕ್ಕೆ ಸಂದೇಶ ಹೋಗುತ್ತದೆ ಎಂದು ಕ್ರಮವಾಗಿ ತೋರಿಸುವ ಸೀಕ್ವೆನ್ಸ್ ಡಯಾಗ್ರಾಮಿನಲ್ಲಿ ವರ್ತಕರ ಪರದೆಯಿಂದ ಡೇಟಾಬೇಸಿಗೆ ಒಂದು ಬಾಣ. ಆ ಬಾಣದ ಪಕ್ಕ ‘40 ಮಿಲಿಸೆಕೆಂಡ್ ಕೆಲಸ’ ಎಂದು ಗುರುತು ಹಾಕುತ್ತೇವೆ. ವರ್ತಕರು ಟೆಂಡರಿಗೆ ಬರೆಯುವ ದರಗಳು ಸೆಕೆಂಡಿಗೆ 20 ಬಂದರೆ ಡೇಟಾಬೇಸ್ 800 ಮಿಲಿಸೆಕೆಂಡ್, ಅಂದರೆ ಶೇ. 80ರಷ್ಟು ಹೊತ್ತು ದುಡಿಯುತ್ತಿರುತ್ತದೆ. ತೀರ ಸರಳವಾದ ಸರತಿ ಲೆಕ್ಕದಲ್ಲಿ, ಕಾಯುವುದೂ ಸೇರಿ ಒಂದೊಂದಕ್ಕೆ ಸರಾಸರಿ 200 ಮಿಲಿಸೆಕೆಂಡ್ ಹಿಡಿಯುತ್ತದೆ. 24 ಬಂದರೆ? ಪೂರಾ ಒಂದು ಸೆಕೆಂಡ್. ಹೆಚ್ಚಾದದ್ದು ನಾಲ್ಕೇ ದರ, ತಡವಾದದ್ದು ಐದು ಪಟ್ಟು! ಒಂದು ಸಾಲು ಕೋಡ್ ಇಲ್ಲದೆ ಇದು ಕಣ್ಣಿಗೆ ಕಾಣುತ್ತದೆ. ಚಿತ್ರದ ಮೇಲೆ ಇಂಥ ಗುರುತು ಹಾಕುವುದಕ್ಕೆ ಯುಎಂಎಲ್‌ನಲ್ಲಿ ‘ಮಾರ್ಟೆ’ ಎಂಬ ಏರ್ಪಾಡೂ ಇದೆ, 2009ರದ್ದು.

ಇಲ್ಲಿ ಪರ್ಫಾರ್ಮೆನ್ಸ್ ಎಂದರೆ ಎಷ್ಟು ಹೊತ್ತು, ಎಷ್ಟು ಹೊರೆ ಎಂಬುದು. ‘ಕ್ಷಮತೆ’ ಸಾಮರ್ಥ್ಯದ ಕಡೆಗೆ ವಾಲುತ್ತದೆ. ‘ನಿರ್ವಹಣೆ’ ಎಂದರೆ ಮೇಂಟೆನೆನ್ಸ್ ಎಂದೇ ಓದಿಕೊಳ್ಳುತ್ತಾರೆ. ‘ಪ್ರದರ್ಶನ’ ಎಂದರೆ ನಮ್ಮ ಸೀಮೆಯಲ್ಲಿ ಮೊದಲು ನೆನಪಾಗುವುದು ಯಕ್ಷಗಾನ. ಅಲ್ಲಿಂದಲೇ ನನಗೆ ‘ಗತಿ’ ಹೊಳೆಯಿತು. ತಾಳದ ಗತಿ ಎನ್ನುವಾಗ ಬರಿಯ ವೇಗವಲ್ಲ, ನಡೆಯ ರೀತಿಯೂ ಅದರಲ್ಲಿದೆ. ಮಾಡೆಲ್ಲಿಗೆ ‘ಲೆಕ್ಕ’ ಸೇರಿಸಿ ‘ಗತಿಲೆಕ್ಕ’ ಎಂದರೆ ಆ ಹುಡುಗಿಗೆ ತಟ್ಟನೆ ತಿಳಿಯಿತು.

‘ಡಿರೈವ್’ ಮಾಡುವುದಕ್ಕೆ ‘ನಿಷ್ಪತ್ತಿ’ ಬೇಡ, ಅದು ಪದಗಳ ಹುಟ್ಟು ಹೇಳುವುದಕ್ಕಿರಲಿ. ‘ಚಿತ್ರದಿಂದ ಗತಿಲೆಕ್ಕ ತೆಗೆಯುವುದು’ ಸಾಕು.

ನನ್ನ ಅನುಮಾನ ಎರಡು. ‘ಗತಿ’ ಸಂಸ್ಕೃತ, ‘ಲೆಕ್ಕ’ ತದ್ಭವ; ಇದನ್ನು ಅರಿಸಮಾಸ (ಸಂಸ್ಕೃತ, ಕನ್ನಡ ಪದಗಳ ಸಲ್ಲದ ಜೋಡಣೆ) ಎಂದು ತಳ್ಳಿಹಾಕುವಿರಾ? ಇನ್ನೊಂದು, ಸೂತ್ರದ ಜೊತೆಗೆ ಸರತಿಗಳ ಜಾಲವನ್ನೂ ಬರೆದು ತೋರಿಸುವಾಗ ‘ಲೆಕ್ಕ’ ಚಿಕ್ಕದಾಗುತ್ತದೆಯೇ? ಮಾಡೆಲ್ಲಿಗೆ ‘ಲೆಕ್ಕ’ದ ಬದಲು ‘ಪ್ರತಿರೂಪ’ವನ್ನು ಪಾಠದಲ್ಲಿ ಬಳಸಿ ನೋಡಿದವರಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ಅಧ್ಯಾಯದ ಪುಟಪುಟದಲ್ಲೂ ಈ ಪದ ಬರಲಿದೆ.