ಮುದಿ ಇಲಿಯಲ್ಲೂ ಸಿಡಿ31 ಎಣಿಕೆ ಎಳೆಯದರಷ್ಟೇ: ಸ್ಟ್ರೋಕ್ ನಂತರ ಹೊಸ ನಾಳ ಬೆಳೆದಿದೆಯೇ?

ಪ್ರಶ್ನೆ:
ಸಿ57 ಬ್ಲ್ಯಾಕ್ 6 (ಪ್ರಯೋಗಾಲಯದ ಚಿಕ್ಕಿಲಿ ತಳಿ) ಗಂಡಿಲಿಗಳ ಮಿದುಳಿನ ನಡು ಧಮನಿಯನ್ನು ನೂಲಿನಂಥ ಫಿಲಮೆಂಟ್‌ನಿಂದ 60 ನಿಮಿಷ ಮುಚ್ಚಿ ಸ್ಟ್ರೋಕ್ ಉಂಟುಮಾಡುತ್ತೇವೆ. ಒಂದು ಗುಂಪಿಗೆ ವಯಸ್ಸು 3 ತಿಂಗಳು, ಇನ್ನೊಂದಕ್ಕೆ 20. 14ನೇ ದಿನ ಗಾಯದಂಚಿನಲ್ಲಿ ಸಿಡಿ31 (ರಕ್ತನಾಳದ ಒಳಪದರದ ಪ್ರೋಟೀನ್) ಬಣ್ಣ ಹತ್ತಿದ ಜಾಗ ಅಳೆದರೆ ಎರಡೂ ಒಂದೇ. ಚೇತರಿಕೆ ಮಾತ್ರ ಮುದಿ ಇಲಿಗಳಲ್ಲಿ ತೀರಾ ಕಡಿಮೆ. ಎಲ್ಲಿ ತಪ್ಪುತ್ತಿದೆ?

ಉತ್ತರ 1:
ಸಿಡಿ31 ಹೇಳುವುದು ನಾಳ ಇದೆ ಎಂದಷ್ಟೇ. ಅದು ಹೊಸದೋ ಹಳೆಯದೋ, ರಕ್ತ ಹರಿಯುತ್ತಿದೆಯೋ ಇಲ್ಲವೋ ಗೊತ್ತಾಗದು. ಜೊತೆಗೆ, 14ನೇ ದಿನಕ್ಕೆ ಊತ ಇಳಿದು ಅಂಗಾಂಶ ಕುಗ್ಗಿರುತ್ತದೆ. ಹಳೆಯ ನಾಳಗಳೇ ಒತ್ತಾಗಿ ಸಾಂದ್ರತೆ ಏರಿದಂತೆ ಕಾಣುತ್ತದೆ.

3ರಿಂದ 7ನೇ ದಿನದವರೆಗೆ ದಿನಕ್ಕೊಮ್ಮೆ ಇಡಿಯು (ವಿಭಜಿಸುವ ಕೋಶಗಳೊಳಗೆ ಸೇರುವ ಗುರುತು) ಕೊಡಿ, ಕಿಲೋ ತೂಕಕ್ಕೆ 50 ಮಿ.ಗ್ರಾಂ, ಹೊಟ್ಟೆಯೊಳಕ್ಕೆ. ಬರೀ ಇಡಿಯು ಎಣಿಸಬೇಡಿ, ಆ ದಿನಗಳಲ್ಲಿ ಮೈಕ್ರೋಗ್ಲಿಯಾ (ಮಿದುಳಿನ ರಕ್ಷಣಾ ಕೋಶಗಳು) ವಿಪರೀತ ವಿಭಜಿಸುತ್ತಿರುತ್ತವೆ. ಇಆರ್‌ಜಿ ಪ್ರತಿಕಾಯ ಸೇರಿಸಿದರೆ ಎಂಡೋಥೀಲಿಯಂನ (ನಾಳದ ಒಳಪದರ) ಕೋಶಕೇಂದ್ರಗಳು ಬೇರೆಯಾಗಿ ಸಿಗುತ್ತವೆ. ಅವುಗಳಲ್ಲಿ ಶೇಕಡಾ ಎಷ್ಟಕ್ಕೆ ಇಡಿಯು ಇದೆ ಎಂದು ಲೆಕ್ಕ ಹಾಕಿ; ಅಂಗಾಂಶ ಕುಗ್ಗಿದರೂ ಈ ಲೆಕ್ಕ ಕೆಡುವುದಿಲ್ಲ.

ಹರಿವು ನೋಡಲು ಟೊಮೆಟೊ ಲೆಕ್ಟಿನ್ (ರಕ್ತ ಹರಿಯುವ ನಾಳದ ಒಳಗೋಡೆಗೆ ಅಂಟುವ, ಹೊಳೆಯುವ ಪ್ರೋಟೀನ್): ಮಿಲಿಲೀಟರಿಗೆ 1 ಮಿ.ಗ್ರಾಂ ಇರುವ ದ್ರಾವಣ 100 ಮೈಕ್ರೋಲೀಟರ್, ಬಾಲದ ಸಿರೆಗೆ. 5–10 ನಿಮಿಷ ಬಿಟ್ಟು ಪರ್ಫ್ಯೂಷನ್ ಮಾಡಿ (ನಾಳಗಳಲ್ಲಿನ ರಕ್ತ ತೊಳೆದು ತೆಗೆಯಿರಿ). ಕೊಲ್ಯಾಜನ್ 4 (ನಾಳದ ಹೊದಿಕೆಯ ಪ್ರೋಟೀನ್) ಮಾತ್ರ ಹತ್ತಿ, ಸಿಡಿ31, ಲೆಕ್ಟಿನ್ ಎರಡೂ ಇಲ್ಲದ ಎಳೆಗಳು ಕೋಶ ಅಳಿದು ಉಳಿದ ಖಾಲಿ ಹೊದಿಕೆಗಳು. ಅವನ್ನು ಬೇರೆಯಾಗಿಯೇ ಎಣಿಸಬೇಕು.

ಉತ್ತರ 2:
ಲಿಪೋಫಸಿನ್ (ವಯಸ್ಸಾದಂತೆ ಕೋಶಗಳಲ್ಲಿ ಸೇರುವ ಬಣ್ಣದ ಕಣಗಳು) ಪರೀಕ್ಷಿಸಿದ್ದೀರಾ? 20 ತಿಂಗಳ ಮಿದುಳಿನಲ್ಲಿ ಅದು ಹಸಿರು, ಕೆಂಪು ಎರಡೂ ಚಾನೆಲ್‌ನಲ್ಲಿ ತಾನಾಗಿ ಹೊಳೆಯುತ್ತದೆ, ಆಟೊ ಥ್ರೆಶೋಲ್ಡ್ (ಹೊಳಪಿನ ಮಿತಿಯನ್ನು ತಂತ್ರಾಂಶವೇ ಹಾಕುವುದು) ಅದನ್ನೂ ನಾಳವೆಂದು ಸೇರಿಸುತ್ತದೆ. ಪ್ರಾಥಮಿಕ ಪ್ರತಿಕಾಯ (ಸಿಡಿ31ಗೆ ಅಂಟುವುದು) ಹಾಕದ, ಮುದಿ ಮಿದುಳಿನ ಸೆಕ್ಷನ್ (ತೆಳು ಹೋಳು) ಒಂದನ್ನು ಅದೇ ಸೆಟ್ಟಿಂಗ್‌ನಲ್ಲಿ ನೋಡಿ. ಈ ಹೊಳಪನ್ನು ಅಡಗಿಸುವ ಟ್ರೂಬ್ಲ್ಯಾಕ್ ಅನ್ನು 70% ಎಥನಾಲ್‌ನಲ್ಲಿ ಬೆರೆಸಿ 30 ಸೆಕೆಂಡು ಹಾಕಬಹುದು. ಅದಾದ ಮೇಲೆ ಡಿಟರ್ಜೆಂಟ್ ಸೋಕಿಸಬೇಡಿ, ಅದು ಕಳಚಿಹೋಗುತ್ತದೆ.

ಉತ್ತರ 3:
ಸತ್ತ ಇಲಿಗಳ ಲೆಕ್ಕವನ್ನೂ ಹಾಕಿ. 60 ನಿಮಿಷದ ತಡೆಗೆ ಮುದಿ ಇಲಿಗಳು ಹೆಚ್ಚು ಸಾಯುತ್ತವೆ; ಒಂದು ಕಾರಣ, ವಯಸ್ಸಾದಂತೆ ಧಮನಿಗಳ ನಡುವಿನ ಅಡ್ಡಕೊಂಡಿಗಳು (ಬದಲಿ ರಕ್ತದಾರಿಗಳು) ಕಡಿಮೆಯಾಗುತ್ತವೆ. 14ನೇ ದಿನ ಉಳಿದವು ಬಹುಶಃ ಸಣ್ಣ ಗಾಯದವೇ. 24–48 ಗಂಟೆಯಲ್ಲಿ ಎಂಆರ್‌ಐ ತೆಗೆದು ಗಾಯದ ಗಾತ್ರ ಹೊಂದಿಸಿ ಹೋಲಿಸಿ.

ಹೊಸ ನಾಳ ಕಡಿಮೆ ಕಂಡವೆಂದು ವಿಇಜಿಎಫ್ (ನಾಳ ಬೆಳೆಸುವ ಪ್ರೋಟೀನ್) ಕೊಡಲು ಅವಸರ ಬೇಡ. 2000ರಲ್ಲಿ ಪ್ರಕಟವಾದ ರ‍್ಯಾಟ್ (ದೊಡ್ಡ ಜಾತಿಯ ಇಲಿ) ಪ್ರಯೋಗದಲ್ಲಿ ಅದನ್ನು ಸ್ಟ್ರೋಕ್ ಆದ 1 ಗಂಟೆಗೆ ಕೊಟ್ಟಾಗ ರಕ್ತ-ಮಿದುಳು ತಡೆಗೋಡೆ ಸೋರಿತು, 48 ಗಂಟೆಗೆ ಕೊಟ್ಟಾಗ ನಾಳಗಳೂ ಚೇತರಿಕೆಯೂ ಹೆಚ್ಚಿದವು. ಮುದಿ ಮಿದುಳಿನ ತಡೆಗೋಡೆ ಮೊದಲೇ ಬಡವಾಗಿರುವುದರಿಂದ ಸೋರಿಕೆಯನ್ನೂ ಅಳೆಯಿರಿ: ಸೆಕ್ಷನ್‌ನಲ್ಲಿ ನಾಳದಾಚೆ ಇಲಿಯ ಐಜಿಜಿ (ರಕ್ತದಲ್ಲಿರುವ ಪ್ರತಿಕಾಯ) ಹರಡಿದೆಯೇ ನೋಡಿದರೆ ಸಾಕು.